ಪಾಟಾ ಸೇರಿಸುವ ಮುನ್ನ ಯು-ಬೋಲ್ಟ್ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಲಾರಿಯೋ ಪಿಕಪ್ಪೋ ಹಿಂಬದಿ ಕೂತುಬಿಟ್ಟಿತೆಂದರೆ ಮಾಲೀಕರು ಮಾಡಿಸುವುದು ಒಂದೇ ಕೆಲಸ, ಎರಡೂ ಕಡೆ ಒಂದೊಂದು ಪಾಟಾ (ಸ್ಪ್ರಿಂಗಿನ ಬಾಗಿದ ಉಕ್ಕಿನ ಪಟ್ಟಿ) ಜಾಸ್ತಿ ಹಾಕಿಸುವುದು. ಅರ್ಧ ದಿನದಲ್ಲಿ ಗಾಡಿ ಎದ್ದು ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಕೆಲವೇ ತಿಂಗಳಲ್ಲಿ ಮೈನ್ ಪಾಟಾ, ಅಂದರೆ ಎಲ್ಲಕ್ಕಿಂತ ಮೇಲಿನ ಉದ್ದನೆಯ ಪಾಟಾ, ತುಂಡಾದಾಗ ಬೈಗುಳ ತಿನ್ನುವುದು ಹೊಸ ಪಾಟಾ. ಬಹಳಷ್ಟು ಸಲ ತಪ್ಪು ಅದರದ್ದಲ್ಲ. ಅದನ್ನು ಹಿಡಿದಿಟ್ಟಿರುವ ಯು-ಬೋಲ್ಟ್ (ಪಾಟಾಗಳನ್ನು ಆಕ್ಸಲ್‌ಗೆ ಬಿಗಿಯುವ U ಆಕಾರದ ಬೋಲ್ಟ್), ಬುಷ್ (ಪಾಟಾದ ತುದಿಯ ಉಂಗುರದೊಳಗಿನ ಕೊಳವೆ), ಶ್ಯಾಕಲ್‌ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಅಲುಗಾಡುವ ಕೊಂಡಿ) ಇವುಗಳದ್ದು. ವಾಹನಗಳ ಬಗ್ಗೆ ಬರುವ ಬರಹಗಳಲ್ಲಿ ಎಂಜಿನ್ನು, ಮೈಲೇಜು, ಟೈರುಗಳಿಗೆ ಸಿಗುವ ಜಾಗ ಈ ಭಾಗಕ್ಕೆ ಸಿಗುವುದಿಲ್ಲ. ಹಾಗಾಗಿ ಪತ್ರ ಉದ್ದವಾಗಿದೆ, ಮನ್ನಿಸಿ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ. ಕೂತ ಸ್ಪ್ರಿಂಗ್ ಎಂದರೆ ಮೆತ್ತಗಾದ ಸ್ಪ್ರಿಂಗ್ ಅಲ್ಲ. ವರ್ಷಗಟ್ಟಲೆ ಭಾರ ಹೊತ್ತು ಪಾಟಾದ ಬಾಗು ಕಳೆದುಹೋಗಿರುತ್ತದೆ, ಅಷ್ಟೆ. ಪಾಟಾ ಸವೆದು ತೆಳ್ಳಗಾಗಿಲ್ಲದಿದ್ದರೆ ಅದರ ಗಡಸು, ಅಂದರೆ ಭಾರಕ್ಕೆ ಬಾಗದೆ ತಡೆಯುವ ಶಕ್ತಿ, ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಇದು ಯಾಕೆ ಮುಖ್ಯ? ಒಂದೇ ದಪ್ಪದ ಐದು ಪಾಟಾ ಇರುವ ಸೆಟ್ಟಿಗೆ ಆರನೆಯದನ್ನು ಸೇರಿಸಿದರೆ ಎತ್ತರವಷ್ಟೇ ಅಲ್ಲ, ಗಡಸೂ ಸುಮಾರು ಶೇ 20ರಷ್ಟು ಏರುತ್ತದೆ. ದಪ್ಪದ ಲೆಕ್ಕವಂತೂ ಇನ್ನೂ ಕಟು: ದಪ್ಪ ಮೂರು ಪಟ್ಟಾದರೆ ಗಡಸು ಮೂರು ಪಟ್ಟಾಗುವುದಿಲ್ಲ, ಇಪ್ಪತ್ತೇಳು ಪಟ್ಟಾಗುತ್ತದೆ. 10 ಮಿ.ಮೀ. ಪಾಟಾದ ಜಾಗದಲ್ಲಿ 11 ಮಿ.ಮೀ.ನದ್ದು ಹಾಕಿದರೆ ಆ ಪಾಟಾದ ಗಡಸು ಶೇ 33ರಷ್ಟು ಹೆಚ್ಚು. ತುಕ್ಕು ತಿಂದು 10 ಮಿ.ಮೀ. ಇದ್ದದ್ದು 9ಕ್ಕೆ ಇಳಿದರೆ ಶೇ 27ರಷ್ಟು ಕಡಿಮೆ. ಗಡಸಾದ ಹಿಂಬದಿ ಲೋಡು ಇದ್ದಾಗ ಚೆನ್ನಾಗಿಯೇ ಕಾಣುತ್ತದೆ. ಖಾಲಿ ಓಡುವಾಗ ಮಾತ್ರ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಹಿಂಬದಿ ಜಾರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಶಾಕ್ ಅಬ್ಸಾರ್ಬರ್‌ನದ್ದು. ಸಾಮಾನ್ಯ ಶಾಕ್ ಭಾರ ಹೊರುವುದಿಲ್ಲ, ಕುಣಿತವನ್ನು ತಡೆಯುತ್ತದೆ. ಹೊಸ ಶಾಕ್ ಹಾಕಿಸಿದರೆ ಗಾಡಿ ಎದ್ದೀತು ಎಂದು ಕಾಯುವುದು ವ್ಯರ್ಥ.

ಈಗ ಪರೀಕ್ಷೆಯ ವಿಷಯ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಖಾಲಿ ನಿಲ್ಲಿಸಿ, ಟೈರಿನ ಗಾಳಿ ಸರಿಯಿರಲಿ. ಹಿಂದಿನ ಚಕ್ರದ ಹಬ್ಬಿನ ನಡುಬಿಂದುವಿನಿಂದ ನೇರ ಮೇಲೆ ಚಾಸಿಯ ಕೆಳ ಅಂಚಿನ ಮಟ್ಟಕ್ಕೆ ಎಷ್ಟಿದೆ ಎಂದು ಎರಡೂ ಕಡೆ ಅಳೆಯಿರಿ. ಬಾಡಿಯಿಂದ ಅಳೆಯಬೇಡಿ, ಹಳೆಯ ಗಾಡಿಯಲ್ಲಿ ಬಾಡಿಯೇ ವಾಲಿರಬಹುದು. ಎಡಬಲಕ್ಕೆ 12 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಕಾರಣ ಹುಡುಕಬೇಕು. ಸೆಟ್ ಬಿಚ್ಚಿದಾಗ ಎರಡು ಕಣ್ಣುಗಳ (ಮೈನ್ ಪಾಟಾದ ತುದಿಗಳ ಉಂಗುರಗಳ) ನಡುವೆ ದಾರ ಎಳೆದು, ಪಾಟಾಗಳನ್ನು ಒಟ್ಟಿಗೆ ಕಟ್ಟುವ ಸೆಂಟರ್ ಬೋಲ್ಟ್ ಇರುವಲ್ಲಿ ದಾರಕ್ಕೂ ಮೈನ್ ಪಾಟಾಕ್ಕೂ ಇರುವ ಅಂತರ ಅಳೆದರೆ ಯಾವ ಕಡೆಯ ಬಾಗು ಹೋಗಿದೆ ಎಂಬುದು ಸ್ಪಷ್ಟ.

ಪಾಟಾ ಮುರಿದಿದ್ದರೆ ಅದು ಮುರಿದ ಜಾಗವೇ ಅರ್ಧ ಉತ್ತರ. ತುಂಡನ್ನು ಗುಜರಿಗೆ ಎಸೆಯುವ ಮೊದಲು ನೋಡಿ. ಸೆಂಟರ್ ಬೋಲ್ಟಿನ ತೂತಿನಲ್ಲೇ ಮುರಿದಿದ್ದರೆ ಯು-ಬೋಲ್ಟ್ ಸಡಿಲವಿತ್ತು ಎಂದರ್ಥ. ಯು-ಬೋಲ್ಟ್ ಬಿಗಿಯಾಗಿದ್ದಾಗ ನಡುಭಾಗ ಬಾಗುವುದೇ ಇಲ್ಲ, ತೂತಿಗೆ ಏಟು ಬೀಳುವುದಿಲ್ಲ. ಸಡಿಲವಾದ ಕ್ಷಣದಿಂದ ಸೆಟ್ಟಿನ ಅತ್ಯಂತ ಬಡಕಲು ಜಾಗವೇ, ಅಂದರೆ ತೂತಿರುವ ಜಾಗವೇ, ಬಾಗತೊಡಗುತ್ತದೆ. ಯು-ಬೋಲ್ಟಿನ ಅಂಚಿನ ಹತ್ತಿರ ಮುರಿದಿದ್ದರೆ ಅತಿಭಾರ ಇಲ್ಲವೇ ದಣಿದ ಉಕ್ಕು. ಕಣ್ಣಿನ ಬಳಿ ಮುರಿದಿದ್ದರೆ ಬುಷ್ಷು, ಶ್ಯಾಕಲ್ಲು ತಿರುಗದೆ ಹಿಡಿದುಕೊಂಡಿವೆಯೇ ನೋಡಿ. ಮೈನ್ ಪಾಟಾ ಒಂದೇ ಮತ್ತೆ ಮತ್ತೆ ಹೋಗುತ್ತಿದ್ದರೆ ಪಾಟಾಗಳನ್ನು ಸುತ್ತಿ ಹಿಡಿಯುವ ಕ್ಲಿಪ್‌ಗಳು ಕಳಚಿಬಿದ್ದಿರುವ ಸಾಧ್ಯತೆ ಹೆಚ್ಚು. ಗುಂಡಿ ದಾಟಿ ಚಕ್ರ ಕೆಳಗೆ ಇಳಿಯುವಾಗ ಆ ಕ್ಲಿಪ್‌ಗಳೇ ಕೆಳಗಿನ ಪಾಟಾಗಳನ್ನೂ ಕೆಲಸಕ್ಕೆ ಎಳೆಯುವುದು. ಅವಿಲ್ಲದಿದ್ದರೆ ಆ ಏಟನ್ನೆಲ್ಲ ಮೈನ್ ಪಾಟಾ ಒಂಟಿಯಾಗಿ ತಿನ್ನುತ್ತದೆ. (ಹೊಸ ಕ್ಲಿಪ್ ಹಾಕುವಾಗ ಸುತ್ತಿಗೆಯಿಂದ ಬಡಿದು ಕಚ್ಚಿಸುವವರಿದ್ದಾರೆ. ಅದೂ ತಪ್ಪು, ಪಾಟಾಗಳು ಒಂದರ ಮೇಲೊಂದು ಜಾರಲು ಎಡೆ ಬೇಕು.)

ಯು-ಬೋಲ್ಟ್ ಸುತ್ತ, ಹ್ಯಾಂಗರ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿಸುವ ಬ್ರಾಕೆಟ್) ರಿವೆಟ್‌ಗಳ ಸುತ್ತ ಕೆಂಪು ಪುಡಿ ಕಂಡರೆ ಅಲ್ಲಿ ಲೋಹ ಲೋಹಕ್ಕೆ ಉಜ್ಜುತ್ತಿದೆ. ಬಣ್ಣ ಬಳಿದ ಗಾಡಿಯಲ್ಲಿ ಈ ಪುಡಿಯ ಗೆರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಸಡಿಲ ರಿವೆಟ್ ಮೇಲೆ ವೆಲ್ಡಿಂಗ್ ಮಾಡಿಸಬೇಡಿ. ರಿವೆಟ್ ತೆಗೆದು, ತೂತನ್ನು ರೀಮರ್‌ನಿಂದ ಸರಿಮಾಡಿ, ತೂತಿಗೆ ಬಿಗಿಯಾಗಿ ಕೂರುವ 10.9 ದರ್ಜೆಯ ಬೋಲ್ಟ್ ಹಾಕುವುದು ಕ್ರಮ. ಹದ ಮಾಡಿದ ಉಕ್ಕಿನ ಚಾಸಿಯ ಮೇಲಿನ, ಕೆಳಗಿನ ಅಂಚುಗಳಿಗೆ ವೆಲ್ಡಿಂಗ್ ಶಾಖ ತಾಗಿದರೆ ಬಿರುಕು ಅಲ್ಲಿಂದಲೇ ಶುರು. ಚಾಸಿಯೇ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದ್ದರೆ ಸ್ಪ್ರಿಂಗ್ ಕೆಲಸ ಅಲ್ಲಿಗೇ ನಿಲ್ಲಿಸಿ; ಮೊದಲು ಚಾಸಿ.

ಶಾಕ್ ಪರೀಕ್ಷೆ ಸುಲಭ. ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಎರಡನ್ನೂ ಜಾಗರೂಕತೆಯಿಂದ ಮುಟ್ಟಿ. ಕೆಲಸ ಮಾಡುವ ಶಾಕ್ ಬಿಸಿಯಾಗಿರುತ್ತದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಸತ್ತಿದೆ. ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೆ ಮುಟ್ಟಿ ನೋಡುವ ಅಗತ್ಯವೂ ಇಲ್ಲ.

ಇನ್ನು ಏನು ಹಾಕಿಸಬೇಕು ಎಂಬ ಪ್ರಶ್ನೆ. ಹಳೆಯ ಪಾಟಾಗಳಿಗೆ ಮತ್ತೆ ಬಾಗು ಕೊಡಿಸುವುದು ಅಗ್ಗದ ದಾರಿ, ಆದರೆ ಹೇಗೆ ಕೊಡುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ತಣ್ಣಗಿರುವ ಪಾಟಾವನ್ನು ಬಡಿದು ಬಗ್ಗಿಸಿದರೆ ಲೋಡು ಬಿದ್ದ ಸ್ವಲ್ಪ ಕಾಲದಲ್ಲೇ ಮತ್ತೆ ಕೂರುತ್ತದೆ. ಗ್ಯಾಸ್ ಟಾರ್ಚಿನಿಂದ ಅಲ್ಲಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಇನ್ನೂ ಕೆಟ್ಟದ್ದು, ಕಾಯಿಸಿದ ಜಾಗದ ಹದ ಹೋಗಿ ಅದು ಬರೀ ಕಬ್ಬಿಣದ ಪಟ್ಟಿಯಾಗುತ್ತದೆ. ಸರಿಯಾದ ಕ್ರಮವೆಂದರೆ ಇಡೀ ಪಾಟಾವನ್ನು ಕುಲುಮೆಯಲ್ಲಿ 850ರಿಂದ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ ಸುಮಾರು 450-500 ಡಿಗ್ರಿಯಲ್ಲಿ ಹದಕ್ಕೆ ತರುವುದು. ಈ ವ್ಯವಸ್ಥೆ ಇಲ್ಲದ ಕಡೆ ಬಾಗು ಕೊಡಿಸುವುದಕ್ಕಿಂತ ಸುಮ್ಮನಿರುವುದು ಮೇಲು. ಅದರ ಮೇಲೂ, ತುಕ್ಕು ಕುಳಿ ಬಿದ್ದ ಪಾಟಾಕ್ಕೆ ಎಷ್ಟೇ ಹದ ಕೊಟ್ಟರೂ ಕುಳಿ ಕುಳಿಯೇ. ಬಿರುಕು ಹುಟ್ಟುವುದು ಅಲ್ಲಿ.

ಹೆಚ್ಚುವರಿ ಪಾಟಾ ಹಾಕುವುದು ಪೂರ್ತಿ ತಪ್ಪೆಂದು ನಾವು ಹೇಳುವುದಿಲ್ಲ. ಉಳಿದ ಪಾಟಾಗಳು ಗಟ್ಟಿಯಾಗಿದ್ದು, ಬಾಗು ಸ್ವಲ್ಪವೇ ಹೋಗಿದ್ದು, ಗಾಡಿ ಯಾವಾಗಲೂ ಲೋಡಿನಲ್ಲೇ ಓಡುವುದಾದರೆ ಅದು ಲೆಕ್ಕಕ್ಕೆ ಬರುತ್ತದೆ. ಕೂತುಹೋದ ಹಳೆಯ ಸೆಟ್ಟಿನ ನಡುವೆ ತೀರಾ ಬಾಗಿದ ಒಂದೇ ಹೊಸ ಪಾಟಾ ಇಟ್ಟರೆ ಭಾರವನ್ನೆಲ್ಲ ಅದೊಂದೇ ಹೊರುತ್ತದೆ, ಅದೇ ಮೊದಲು ಮುರಿಯುತ್ತದೆ. ಮುರಿದ ಒಂದು ಪಾಟಾ ಮಾತ್ರ ಬದಲಿಸಿದಾಗಲೂ ಇದೇ ಕತೆ. ಪಾಟಾ ಸೇರಿಸಿದರೆ ಸೆಂಟರ್ ಬೋಲ್ಟ್ ಮತ್ತು ಯು-ಬೋಲ್ಟ್ ಎರಡೂ ಉದ್ದದವು ಬೇಕು ಎನ್ನುವುದನ್ನು ಮರೆಯುವವರು ಕಡಿಮೆಯಿಲ್ಲ. ನಟ್ಟಿನಿಂದ ಎಳೆ ಹೊರಗೆ ಕಾಣದಿದ್ದರೆ ಬೋಲ್ಟ್ ಗಿಡ್ಡವಾಯಿತು.

ಸ್ಪ್ರಿಂಗಿಗೆ ನೆರವಾಗಿ ಆಕ್ಸಲ್ ಮತ್ತು ಚಾಸಿಯ ನಡುವೆ ಗಾಳಿ ಚೀಲ ಹಾಕಿಸುವವರಿಗೆ ಒಂದೆರಡು ಮಾತು. ಲೋಡು ಇದ್ದಾಗ ಗಾಳಿ ತುಂಬಿ, ಖಾಲಿಯಾದಾಗ ಇಳಿಸಿ, ಆದರೆ ಪೂರ್ತಿ ಬರಿದು ಮಾಡಬೇಡಿ. ತಯಾರಕರು ಹೇಳುವ ಕನಿಷ್ಠ ಗಾಳಿ ಇಲ್ಲದಿದ್ದರೆ ರಬ್ಬರು ಮಡಚಿಕೊಂಡು ಹರಿಯುತ್ತದೆ. ಸೈಲೆನ್ಸರ್ ಪೈಪಿನಿಂದ 15 ಸೆಂ.ಮೀ. ದೂರವಿರಲಿ, ಇಲ್ಲವೇ ನಡುವೆ ತಗಡು ಬರಲಿ. ಹ್ಯಾಂಗರ್‌ಗಳಲ್ಲಿ ಹಂಚಿಹೋಗುತ್ತಿದ್ದ ಭಾರವನ್ನು ಈ ಚೀಲ ಚಾಸಿಯ ಒಂದೇ ಜಾಗಕ್ಕೆ ಒತ್ತುತ್ತದೆ, ಹಾಗಾಗಿ ತುಕ್ಕು ಹಿಡಿದ ಚಾಸಿಗೆ ಇದು ಬೇಡವೇ ಬೇಡ.

ಹದಿನೈದಿಪ್ಪತ್ತು ವರ್ಷ ದುಡಿದ ಗಾಡಿಗೆ ನಮ್ಮ ಆಯ್ಕೆ ಎರಡೂ ಕಡೆ ಹೊಸ ಪೂರ್ಣ ಸೆಟ್, ಜೊತೆಗೆ ಹೊಸ ಬುಷ್, ಶ್ಯಾಕಲ್, ಪಿನ್, ಸೆಂಟರ್ ಬೋಲ್ಟ್, ಯು-ಬೋಲ್ಟ್. ಒಂದು ಕಡೆ ಮಾತ್ರ ಬದಲಿಸಿದರೆ ಗಾಡಿ ವಾಲುತ್ತದೆ. ಸೆಟ್ ತರುವಾಗ ಹಳೆಯದರ ಅಗಲ, ಪಾಟಾ ಎಣಿಕೆ, ಪ್ರತಿಯೊಂದರ ದಪ್ಪ, ಕಣ್ಣಿನ ಒಳ ಅಳತೆ ಬರೆದುಕೊಳ್ಳಿ. ಅದಕ್ಕಿಂತ ಮುಖ್ಯವಾಗಿ ಸೆಂಟರ್ ಬೋಲ್ಟಿನಿಂದ ಮುಂದಿನ ಕಣ್ಣಿಗೆ ಎಷ್ಟು, ಹಿಂದಿನ ಕಣ್ಣಿಗೆ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಅಳೆಯಿರಿ. ಬಹಳ ಗಾಡಿಗಳಲ್ಲಿ ಸೆಂಟರ್ ಬೋಲ್ಟ್ ಸರಿಯಾಗಿ ನಡುವೆ ಇರುವುದಿಲ್ಲ. ಸೆಟ್ಟನ್ನು ಹಿಂದುಮುಂದಾಗಿ ಕೂರಿಸಿದರೆ ಹೌಸಿಂಗ್ (ಹಿಂದಿನ ಆಕ್ಸಲ್‌ನ ಹೊರಕವಚ) ತನ್ನ ಜಾಗದಿಂದ ಸರಿದು, ಗೇರ್‌ಬಾಕ್ಸಿನಿಂದ ಅದಕ್ಕೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟಿಗೆ (ಉದ್ದ ಹೆಚ್ಚುಕಡಿಮೆಯಾಗುವ ಜಾರು ಕೀಲಿಗೆ) ತೊಂದರೆ. ಕೆಲವು ಮಾದರಿಗಳಲ್ಲಿ ಎಡ, ಬಲದ ಸೆಟ್‌ಗಳೇ ಬೇರೆ.

ಕೆಲಸದ ಹಿಂದಿನ ರಾತ್ರಿಯೇ ಬೋಲ್ಟು, ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಗಾಡಿ ಉರುಳದಂತೆ ಮುಂದಿನ ಚಕ್ರಗಳ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ. ಚಾಸಿಯನ್ನು ಎತ್ತಿ, ಸ್ಪ್ರಿಂಗಿನ ಮುಂದಿನ ಹ್ಯಾಂಗರ್‌ಗಿಂತ ಮುಂದೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ಹೌಸಿಂಗ್‌ಗೆ ಪ್ರತ್ಯೇಕ ಜಾಕಿ ಇರಲಿ. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚುವುದು ಜಾಣತನ, ಇನ್ನೊಂದು ಕಡೆಯ ಸೆಟ್ ಹೌಸಿಂಗನ್ನು ಜಾಗದಲ್ಲಿ ಹಿಡಿದಿರುತ್ತದೆ. ಶಾಕಿನ ಕೆಳ ಬೋಲ್ಟ್, ನಂತರ ಯು-ಬೋಲ್ಟ್, ನಂತರ ಹೌಸಿಂಗನ್ನು ಮೆಲ್ಲಗೆ ಇಳಿಸಿ ಶ್ಯಾಕಲ್, ಕೊನೆಗೆ ಮುಂದಿನ ಕಣ್ಣಿನ ಬೋಲ್ಟ್. ಹೌಸಿಂಗಿನ ಭಾರ ಬ್ರೇಕ್ ಹೋಸಿನ ಮೇಲೆ ನೇತಾಡದಂತೆ ನೋಡಿಕೊಳ್ಳಿ. ಬೋಲ್ಟ್ ಬುಷ್ಷಿನ ಒಳಕೊಳವೆಗೆ ತುಕ್ಕಿನಿಂದ ಅಂಟಿದ್ದರೆ ಎರಡೂ ಕಡೆ ಗರಗಸದಿಂದ ಕತ್ತರಿಸಿ ತೆಗೆಯಿರಿ. ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ಗ್ಯಾಸ್ ಟಾರ್ಚ್ ಹಚ್ಚುವ ಆತುರ ಬೇಡ.

ಸೆಟ್ಟನ್ನು ಬಿಡಿಸುವುದಾದರೆ ಸೆಂಟರ್ ಬೋಲ್ಟ್ ನಟ್ಟನ್ನು ಹಾಗೇ ಬಿಚ್ಚಬೇಡಿ. ಪಾಟಾಗಳನ್ನು ಬೇರೆ ಬೇರೆ ಬಾಗಿನಲ್ಲಿ ಮಾಡಿ ಒತ್ತಿ ಕಟ್ಟಿರುತ್ತಾರೆ. ನಟ್ಟು ಬಿಟ್ಟ ಕೂಡಲೇ ಅವು ಸಿಡಿಯುತ್ತವೆ. ಎರಡು ದೊಡ್ಡ ಕ್ಲಾಂಪ್ ಬಿಗಿದು, ನಟ್ಟು ತೆಗೆದು, ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಕೂರಿಸುವಾಗ ಹೌಸಿಂಗಿನ ಸ್ಪ್ರಿಂಗ್ ಪೀಠವನ್ನು ತಂತಿ ಬ್ರಷ್‌ನಿಂದ ಉಜ್ಜಿ ಬರೀ ಲೋಹಕ್ಕೆ ತನ್ನಿ. ಅಲ್ಲಿ ದಪ್ಪ ಬಣ್ಣ, ತುಕ್ಕಿನ ಪದರ ಉಳಿದರೆ ಓಡುವಾಗ ಅದು ಪುಡಿಯಾಗಿ ಯು-ಬೋಲ್ಟ್ ತಾನಾಗಿ ಸಡಿಲವಾಗುತ್ತದೆ. ಮೊದಲು ಮುಂದಿನ ಕಣ್ಣು, ಆಮೇಲೆ ಶ್ಯಾಕಲ್. ಸೆಂಟರ್ ಬೋಲ್ಟಿನ ತಲೆ ಪೀಠದ ತೂತಿನೊಳಗೆ ಪೂರ್ತಿ ಕೂತಿದೆಯೇ ಎಂದು ಬ್ಯಾಟರಿ ಬಿಟ್ಟು ನೋಡಿ. ಹೌಸಿಂಗ್ ಎಲ್ಲಿ ನಿಲ್ಲಬೇಕು ಎಂದು ಗುರುತಿಸುವುದು ಆ ತಲೆ. ಆದರೆ ಅದನ್ನು ಹಿಡಿದಿಡುವ ಬಲ ಯು-ಬೋಲ್ಟಿನದು. ಯು-ಬೋಲ್ಟ್ ಸಡಿಲವಾದರೆ ಈ ಸಣ್ಣ ಬೋಲ್ಟ್ ಕತ್ತರಿಸಿಹೋಗಿ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ.

ಹಳೆಯ ಯು-ಬೋಲ್ಟ್ ಮತ್ತೆ ಬಳಸುವ ಅಭ್ಯಾಸವನ್ನು ಬಿಡಲೇಬೇಕು. ಒಮ್ಮೆ ಬಿಗಿದಾಗ ಅದರ ಎಳೆಗಳು ಹಿಗ್ಗಿರುತ್ತವೆ, ತುಕ್ಕು ಹಿಡಿದ ಎಳೆಯಲ್ಲಿ ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ತೋರಿಸುವ ಬಿಗಿ ಬರೀ ಉಜ್ಜಾಟದ್ದು. ಹೊಸದನ್ನು ಹೌಸಿಂಗಿನ ಆಕಾರಕ್ಕೆ, ದುಂಡೋ ಚೌಕವೋ, ಸರಿಯಾಗಿ ಬಗ್ಗಿಸಿದ್ದೇ ತನ್ನಿ. ಕಾಯಿಸಿ ಬಗ್ಗಿಸಿದ್ದು ಬೇಡ. ನಾಲ್ಕು ನಟ್ಟುಗಳನ್ನು ಎದುರುಬದುರು ಮೂಲೆಗಳ ಕ್ರಮದಲ್ಲಿ, ಮೂರ್ನಾಲ್ಕು ಸುತ್ತಾಗಿ, ಆ ಗಾಡಿಯ ಪುಸ್ತಕದಲ್ಲಿರುವ ಟಾರ್ಕಿಗೆ ಬಿಗಿಯಿರಿ. ನಾಲ್ಕೂ ಕಾಲುಗಳಲ್ಲಿ ನಟ್ಟಿನಿಂದ ಹೊರಚಾಚಿದ ಉದ್ದ ಸಮವಿದ್ದರೆ ಸೆಟ್ ನೆಟ್ಟಗೆ ಕೂತಿದೆ.

ರಬ್ಬರ್ ಬುಷ್ ಇರುವ ಗಾಡಿಗಳಲ್ಲಿ ಕಣ್ಣು ಮತ್ತು ಶ್ಯಾಕಲ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತ ಮೇಲೆಯೇ. ಜಾಕಿಯ ಮೇಲಿದ್ದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂರುತ್ತದೆ, ನೆಲಕ್ಕಿಳಿಸಿದಾಗ ಇನ್ನಷ್ಟು ತಿರುಚಿ, ಬೇಗ ಹರಿಯುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹೋಯಿತೆಂಬ ದೂರಿನ ಹಿಂದೆ ಅನೇಕ ಸಲ ಇದೇ ಕಾರಣ. ದೊಡ್ಡ ಲಾರಿಗಳ ಪಿನ್ನು-ಬುಷ್ಷಿನದು ಬೇರೆ ತಾಪತ್ರಯ. ಪಿನ್ನಿನ ಭಾರ ಹೊರುವ ಬದಿ ಬುಷ್ಷಿಗೆ ಒತ್ತಿಕೊಂಡೇ ಇರುತ್ತದೆ, ಅಲ್ಲಿಗೆ ಗ್ರೀಸ್ ಹೋಗಲು ಎಡೆಯೇ ಇಲ್ಲ. ಗ್ರೀಸ್ ಬೇಕಾದದ್ದೂ ಆ ಬದಿಗೇ. ಚಾಸಿಯನ್ನು ಜಾಕಿಯಲ್ಲಿ ಎತ್ತಿ ಸ್ಪ್ರಿಂಗಿನ ಭಾರ ಇಳಿಸಿ, ಎರಡೂ ತುದಿಯಿಂದ ಹೊಸ ಗ್ರೀಸ್ ಹೊರಬರುವವರೆಗೆ ಗನ್ ಒತ್ತಿ. ಒಂದೇ ತುದಿಯಿಂದ ಬಂದರೆ ಕೆಲಸ ಅರ್ಧ ಆಗಿದೆ. ಪಾಟಾಗಳ ನಡುವೆ ಪ್ಲಾಸ್ಟಿಕ್ ತುಂಡುಗಳಿದ್ದರೆ ಅಲ್ಲಿಗೆ ಮಾತ್ರ ಗ್ರೀಸ್ ಬಳಿಯಬೇಡಿ.

ಮುಗಿದ ಮೇಲೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಟೇಪ್ ಹಿಡಿಯಿರಿ, ಸ್ಟೀರಿಂಗ್ ನೇರವಿರಲಿ. ಐದಾರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹೌಸಿಂಗ್ ಓರೆ ಕೂತಿದೆ. ಹಿಂಬದಿ ಎದ್ದದ್ದರಿಂದ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗಿರುತ್ತದೆ. ಒಂದು ವೇಗದಲ್ಲಿ ಗಾಡಿ ನಡುಗತೊಡಗಿದರೆ ಚಕ್ರದ ಬ್ಯಾಲೆನ್ಸಿಂಗ್ ಎಂದು ಅಲೆಯಬೇಡಿ, ಗೇರ್‌ಬಾಕ್ಸಿನ ಕಡೆಯ ಮತ್ತು ಹೌಸಿಂಗಿನ ಕಡೆಯ ಜಾಯಿಂಟ್ ಕೋನಗಳನ್ನು ಅಳೆಸಿ. ಎರಡರ ನಡುವೆ 1 ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಪೀಠ ಮತ್ತು ಸೆಟ್ಟಿನ ನಡುವೆ ಓರೆ ಉಕ್ಕಿನ ಬೆಣೆ ಇಟ್ಟು ಸರಿಪಡಿಸಬಹುದು. ಅಲ್ಯೂಮಿನಿಯಂ ಬೆಣೆ ಭಾರಕ್ಕೆ ಒಡೆಯುತ್ತದೆ.

ಎಲ್ಲರೂ ಮರೆಯುವುದು ಬ್ರೇಕಿನ ಲೋಡ್ ಸೆನ್ಸಿಂಗ್ ವಾಲ್ವ್. ಚಾಸಿಯಿಂದ ಹೌಸಿಂಗಿಗೆ ಒಂದು ಸಣ್ಣ ಸರಳು ಇರುವ ಗಾಡಿಗಳಲ್ಲಿ ಇದು ಇದ್ದೇ ಇದೆ. ಚಾಸಿ ಹೌಸಿಂಗಿಗೆ ಎಷ್ಟು ಹತ್ತಿರ ಬಂದಿದೆ ಎಂಬುದರ ಮೇಲೆ ಲೋಡು ಎಷ್ಟಿದೆ ಎಂದು ಅದು ತಿಳಿಯುತ್ತದೆ, ಅದಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಹಿಂಬದಿಯನ್ನು ಎತ್ತಿಬಿಟ್ಟರೆ ವಾಲ್ವ್ ಗಾಡಿ ಖಾಲಿಯಿದೆ ಎಂದೇ ತಿಳಿದು, ತುಂಬಿದ ಲೋಡಿನಲ್ಲೂ ಹಿಂದಿನ ಬ್ರೇಕನ್ನು ತಗ್ಗಿಸುತ್ತದೆ. ಸರಳಿನ ಉದ್ದ ಹೊಂದಿಸಿದರೆ ಖಾಲಿ ಎತ್ತರದ ಲೆಕ್ಕ ಸರಿಹೋಗುತ್ತದೆ ನಿಜ, ಆದರೆ ಗಡಸು ಸ್ಪ್ರಿಂಗ್ ಲೋಡಿಗೆ ಮೊದಲಿನಷ್ಟು ಇಳಿಯುವುದಿಲ್ಲವಲ್ಲ, ವಾಲ್ವ್ ಆಗಲೂ ಲೋಡನ್ನು ಕಡಿಮೆಯೆಂದೇ ಓದುತ್ತದೆ. ಕಂಪನಿ ಅಳತೆಯ ಸೆಟ್ ಹಾಕಿಸಿ ಎಂದು ನಾವು ಒತ್ತಿ ಹೇಳಲು ಇದು ದೊಡ್ಡ ಕಾರಣ.

ಸ್ಪ್ರಿಂಗ್ ಗಟ್ಟಿ ಮಾಡಿಸಿದೆ, ಇನ್ನು ಒಂದು ಟನ್ ಜಾಸ್ತಿ ಹೇರಬಹುದು ಎನ್ನುವವರಿಗೆ: ಆಕ್ಸಲ್, ಬೇರಿಂಗ್, ಟೈರು, ಬ್ರೇಕು, ಚಾಸಿ ಎಲ್ಲವೂ ಮೊದಲಿನವೇ. ಮೂಗಿಗಿಂತ ಮೂಗುತಿ ಭಾರವಾದರೆ ಹರಿಯುವುದು ಮೂಗು. ನೋಂದಣಿಯಲ್ಲಿರುವ ಒಟ್ಟು ತೂಕದ ಮಿತಿ ಪಾಟಾ ಸೇರಿಸಿದ್ದರಿಂದ ಒಂದು ಕಿಲೋ ಕೂಡ ಏರುವುದಿಲ್ಲ.

ಹೆಡ್‌ಲೈಟನ್ನೂ ಅದೇ ದಿನ ಹೊಂದಿಸಿ. ಹಿಂಬದಿ ಕೂತಿದ್ದ ಕಾಲದಲ್ಲಿ ಬೆಳಕು ಮೇಲೆದ್ದು ಎದುರಿನವರ ಕಣ್ಣು ಕುಕ್ಕುತ್ತಿತ್ತು, ಅದಕ್ಕೆಂದು ಯಾರೋ ಕೆಳಗೆ ತಿರುಗಿಸಿರುತ್ತಾರೆ. ಈಗ ಅದು ಬಂಪರಿನ ಮುಂದೆಯೇ ನೆಲಕ್ಕೆ ಬಿದ್ದೀತು.

ಕೊನೆಯದಾಗಿ ಯು-ಬೋಲ್ಟಿಗೇ ಮತ್ತೆ ಬರಬೇಕು. ಹೊಸ ಸೆಟ್ ಮೊದಲ ಲೋಡಿನಲ್ಲಿ ಒತ್ತಿಕೊಂಡು ಕೂರುತ್ತದೆ, ಆಗ ನಟ್ಟು ಒಂದಿಷ್ಟು ಸಡಿಲವಾಗುವುದು ಸಹಜ. ಮೊದಲ ಲೋಡು ಇಳಿಸಿದ ಕೂಡಲೇ ಒಮ್ಮೆ, ಸುಮಾರು 1000 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಅದೇ ಟಾರ್ಕಿಗೆ ಬಿಗಿಸಬೇಕು. ಕೆಲಸ ಮಾಡಿದ ಗ್ಯಾರೇಜು ಬಿಲ್ಲಿನ ಮೇಲೆಯೇ ಆ ಎರಡು ತಪಾಸಣೆಯ ಕಿಲೋಮೀಟರ್ ಓದು ಬರೆದುಕೊಡಲಿ, ಚಾಲಕನ ಕ್ಯಾಬಿನ್ನಿನಲ್ಲಿ ಕಾಣುವಂತೆ ಅಂಟಿಸಲಿ.

ಇತಿ,
ಲಾರಿ ಸ್ಪ್ರಿಂಗ್ ಕೆಲಸದವರು